ಉಸಿರಿನ ಮನೆಯಲ್ಲಿ ಕಾವಲು ಕಡಿಮೆ

ಏಪ್ರಿಲ್, ಮೇ ತಿಂಗಳ ಯಾದಗಿರಿ ಬಿಸಿಲನ್ನು ಉಂಡವರಿಗೆ ಮುಂಗಾರಿನ ಮೊದಲ ಮಳೆಯ ಮರುದಿನದ ಬೆಳಗು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಶಹಾಪುರದ ಗುಡ್ಡದ ಬುಡದಲ್ಲಿ, ಸುರಪುರದ ಕಡೆಯ ಎರೆ ಹೊಲಗಳಲ್ಲಿ, ಭೀಮೆಯ ದಂಡೆಯಲ್ಲಿ ನೆಲದಿಂದ ಒಂದು ವಾಸನೆ ಏಳುತ್ತದೆ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಮೂಗರಳಿಸುತ್ತಾರೆ, ಎದೆ ತುಂಬ ಎಳೆದುಕೊಳ್ಳುತ್ತಾರೆ. ಎಳೆದುಕೊಂಡ ಗಾಳಿ ಪುಪ್ಪುಸದೊಳಗಿನ ಕೋಟ್ಯಂತರ ಪುಟ್ಟ ಗಾಳಿಚೀಲಗಳ ತನಕ ಹೋಗಿ ಮರಳುತ್ತದೆ. ದಿನವಿಡೀ ನಡೆಯುವ ಈ ಕೆಲಸ ನಮ್ಮ ಗಮನಕ್ಕೆ ಬರುವುದು ಇಂಥ ಬೆಳಗಿನಲ್ಲಿ, ಇಲ್ಲವೇ ಉಸಿರು ಕಟ್ಟಿದ ದಿನ.

ಆ ವಾಸನೆ ಬರುವುದು ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಂದ. ಅವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲ. ಅವು ತಯಾರಿಸುವ ಜಿಯಾಸ್ಮಿನ್ ಎಂಬ ವಸ್ತು ಮಳೆಹನಿಯ ಹೊಡೆತಕ್ಕೆ ಗಾಳಿಗೆ ಸೇರಿ ನಮ್ಮ ಮೂಗಿಗೆ ಬರುತ್ತದೆ. ಇದೇ ಕುಲ ಮನುಷ್ಯನಿಗೆ ಕೊಟ್ಟ ಔಷಧಗಳ ಪಟ್ಟಿ ಉದ್ದವಿದೆ. ಕ್ಷಯಕ್ಕೆ ಮೊದಲ ಮದ್ದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಇದರದೇ ಕೊಡುಗೆ. 1966ರಲ್ಲಿ ಜಪಾನಿನ ವಿಜ್ಞಾನಿ ಹಮಾವೊ ಉಮೆಜಾವಾ ಮತ್ತು ಸಂಗಡಿಗರು ಸ್ಟ್ರೆಪ್ಟೊಮೈಸಿಸ್ ವರ್ಟಿಸಿಲಸ್ ಎಂಬ ಇನ್ನೊಂದು ತಳಿಯಿಂದ ಬ್ಲಿಯೊಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಕ್ಯಾನ್ಸರ್‌ ಔಷಧವಾಯಿತು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1973ರಲ್ಲಿ. ನಮ್ಮ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್‌ ಆಸ್ಪತ್ರೆ ಶುರುವಾದದ್ದೂ ಅದೇ ವರ್ಷ.

ಬ್ಲಿಯೊಮೈಸಿನ್ ಮಾಡುವ ಕೆಲಸ ಒರಟಾದದ್ದು. ಅದು ಕೋಶದೊಳಗೆ ಹೊಕ್ಕು, ಅಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು, ಆಮ್ಲಜನಕದ ನೆರವಿನಿಂದ ಡಿಎನ್‌ಎಯ ಎಳೆಯನ್ನು ಕಡಿದುಹಾಕುತ್ತದೆ. ಎಳೆ ಕಡಿದ ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ಕಬ್ಬಿಣ ಮತ್ತು ಆಮ್ಲಜನಕ, ಇವೆರಡೂ ನಾವು ಬದುಕಲು ಬೇಕಾದವುಗಳೇ. ಬದುಕಿಸುವ ಸಾಮಾನಿನಿಂದಲೇ ಕೊಲ್ಲುವ ಉಪಾಯವನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾ ಕಂಡುಕೊಂಡಿದೆ. ಹಾಗಾದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾವೇ ಯಾಕೆ ಸಾಯುವುದಿಲ್ಲ? ಅದರ ಬಳಿ ಎರಡು ರಕ್ಷಣೆಗಳಿವೆ. ಒಂದು ಪ್ರೋಟೀನು ಬ್ಲಿಯೊಮೈಸಿನ್ನನ್ನು ತಬ್ಬಿ ಹಿಡಿದು ಕಡಿಯಲು ಬಿಡುವುದಿಲ್ಲ; ಇನ್ನೊಂದು ಅದಕ್ಕೆ ಒಂದು ರಾಸಾಯನಿಕ ತುಣುಕನ್ನು ಅಂಟಿಸಿ ಅದರ ಹಲ್ಲು ಕೀಳುತ್ತದೆ. ವಿಷ ತಯಾರಿಸುವ ಮುಂಚೆಯೇ ತನ್ನ ಬಚಾವಿಗೆ ದಾರಿ ಮಾಡಿಟ್ಟುಕೊಂಡ ಜಾಣ ಜೀವಿ.

ಈ ಔಷಧದಿಂದ ಬದುಕಿದವರು ಬಹಳ. ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಹಾಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರ್‌ಗೆ ಇಟಲಿಯ ಮಿಲಾನಿನ ಜಿಯಾನಿ ಬೊನಡೊನ್ನ 1970ರ ದಶಕದಲ್ಲಿ ನಾಲ್ಕು ಔಷಧಗಳ ಒಂದು ಕೂಟವನ್ನು ರೂಪಿಸಿದರು. ಎಬಿವಿಡಿ ಎಂದು ಅದನ್ನು ಕರೆಯುತ್ತಾರೆ. ಅದರಲ್ಲಿನ 'ಬಿ' ಅಂದರೆ ಬ್ಲಿಯೊಮೈಸಿನ್. ವೃಷಣದ ಕ್ಯಾನ್ಸರ್‌ಗೆ ಅಮೆರಿಕದ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಸಿಸ್‌ಪ್ಲಾಟಿನ್ ಜೊತೆಗೆ ಇದನ್ನು ಸೇರಿಸಿ ಕೊಟ್ಟ ಮೇಲೆ, ದೇಹದ ತುಂಬ ಹರಡಿದ ಆ ರೋಗವೂ ಗುಣವಾಗತೊಡಗಿತು. ಈ ಎರಡೂ ಕಾಯಿಲೆಗಳು ಹೆಚ್ಚಾಗಿ ಹರೆಯದವರಿಗೆ ಬರುತ್ತವೆ. ಮದುವೆಗೆ ಬಂದ ಹುಡುಗರು, ಆಗಷ್ಟೇ ಕೂಸು ಹುಟ್ಟಿದ ಮನೆಯವರು, ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಹೋಗಿ ಕಟ್ಟಡದ ಮೇಲೆ ದುಡಿಯುವವರು. ಇನ್ನೊಂದು ಒಳ್ಳೆಯ ಗುಣವೂ ಬ್ಲಿಯೊಮೈಸಿನ್ನಿಗಿದೆ: ಬೇರೆ ಕೀಮೋ ಔಷಧಗಳ ಹಾಗೆ ಅದು ಮೂಳೆಯ ಮಜ್ಜೆಯನ್ನು ಅಷ್ಟಾಗಿ ಹಿಂಡುವುದಿಲ್ಲ, ರಕ್ತದ ಕಣಗಳನ್ನು ಇಳಿಸುವುದಿಲ್ಲ. ಹಾಗಾಗಿಯೇ ಬೇರೆ ಔಷಧಗಳ ಸಂಗಡ ಅದನ್ನು ಕೂಡಿಸಲು ವೈದ್ಯರಿಗೆ ಧೈರ್ಯ.

ಆದರೆ ಕೀಮೋ ವಾರ್ಡಿನಲ್ಲಿ ಮಗನ ಪಕ್ಕ ಕೂತ ತಾಯಿಯೊಬ್ಬಳು ಒಂದಿಲ್ಲೊಂದು ದಿನ ಕೇಳುವ ಪ್ರಶ್ನೆಯಿದೆ. "ಔಷಧ ಕೊಟ್ಟಿದ್ದು ಕುತ್ತಿಗಿ ಗಂಟಿಗಲ್ಲೇನ್ರಿ ಡಾಕ್ಟ್ರೇ? ಉಸಿರಿಗ್ಯಾಕ ತ್ರಾಸ ಆಗ್ಲಿಕತ್ತದ?" ಓದುಬರಹ ಇಲ್ಲದ ಆ ತಾಯಿಯ ಪ್ರಶ್ನೆಯನ್ನೇ ಜಗತ್ತಿನ ಪ್ರಯೋಗಾಲಯಗಳು ಐವತ್ತು ವರ್ಷಗಳಿಂದ ಕೇಳುತ್ತ ಬಂದಿವೆ. ಇಂದಿನ ಬೆಳಗಿನಲ್ಲಿ ನಾವೂ ಅದರ ಜೊತೆ ಸ್ವಲ್ಪ ಹೊತ್ತು ಕೂರೋಣ.

ಉತ್ತರದ ಒಂದು ತುದಿ ನಮ್ಮೊಳಗೇ ಇರುವ ಒಂದು ಕಿಣ್ವದಲ್ಲಿದೆ. ಕಿಣ್ವ ಅಂದರೆ ದೇಹದ ರಾಸಾಯನಿಕ ಕೆಲಸಗಳನ್ನು ಬೇಗ ಮಾಡಿಸುವ ಪ್ರೋಟೀನು. ಬಾಯಿಯ ಜೊಲ್ಲಿನಲ್ಲಿ ರೊಟ್ಟಿಯ ಪಿಷ್ಟವನ್ನು ಒಡೆಯುವುದೂ ಒಂದು ಕಿಣ್ವವೇ. ಈ ಕಿಣ್ವದ ಹೆಸರು ಬ್ಲಿಯೊಮೈಸಿನ್ ಹೈಡ್ರೊಲೇಸ್. ಉಮೆಜಾವಾ ಅವರ ತಂಡವೇ 1970ರ ದಶಕದ ಮೊದಲಲ್ಲಿ ಇದರ ಜಾಡು ಹಿಡಿದದ್ದು. ಇಲಿಯ ಅಂಗಾಂಗಗಳನ್ನು ಅರೆದು ಆ ರಸದಲ್ಲಿ ಬ್ಲಿಯೊಮೈಸಿನ್ ಬೆರೆಸಿದರೆ ಔಷಧ ತನ್ನ ಶಕ್ತಿ ಕಳೆದುಕೊಳ್ಳುತ್ತಿತ್ತು. ಏನೋ ಒಂದು ಅದನ್ನು ಕೆಡಿಸುತ್ತಿದೆ ಎಂಬುದು ಖಚಿತವಾಯಿತು. ಆಮೇಲೆ ತಿಳಿದದ್ದಿಷ್ಟು: ಈ ಕಿಣ್ವ ಬ್ಲಿಯೊಮೈಸಿನ್ನಿನ ಒಂದು ಮೂಲೆಯಲ್ಲಿರುವ ಅಮೈಡ್ ಎಂಬ ಚಿಕ್ಕ ತುಣುಕನ್ನು ಕತ್ತರಿಸಿ ತೆಗೆಯುತ್ತದೆ. ಅಷ್ಟೇ ಸಾಕು, ಕಬ್ಬಿಣ ಹಿಡಿದು ಡಿಎನ್‌ಎ ಕಡಿಯುವ ಕೈ ಸೋತುಬಿಡುತ್ತದೆ. ದೊಡ್ಡ ಅಣುವಿನ ಮಿಕ್ಕ ಭಾಗವೆಲ್ಲ ಹಾಗೇ ಇರುತ್ತದೆ, ಕೆಲಸ ಮಾತ್ರ ಇಲ್ಲ.

ಈ ಕಿಣ್ವದ ಬಳಗ ಯಾವುದು ಗೊತ್ತೇ? ಪಪ್ಪಾಯಿಯದು. ಕಾಯಿ ಪಪ್ಪಾಯಿಗೆ ಗೀರು ಹಾಕಿದರೆ ಒಸರುವ ಬಿಳಿ ಹಾಲಿನಲ್ಲಿ ಪಪೈನ್ ಎಂಬ ಕಿಣ್ವ ಇರುತ್ತದೆ. ಮಾಂಸ ಬೇಗ ಬೇಯಲೆಂದು ನಮ್ಮ ಮನೆಗಳಲ್ಲಿ ಪಪ್ಪಾಯಿ ಕಾಯಿಯ ಚೂರು ಹಾಕುವುದು ಅದಕ್ಕೇ. ಬ್ಲಿಯೊಮೈಸಿನ್ ಹೈಡ್ರೊಲೇಸ್ ಅದೇ ಪಪೈನ್ ಕುಟುಂಬದ್ದು. ಕತ್ತರಿಸುವ ಬಾಯಲ್ಲಿ ಇಬ್ಬರಿಗೂ ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೊ ಆಮ್ಲವೇ ಹಲ್ಲು. ಕರ್ನಾಟಕದ ಮಟ್ಟಿಗೆ ಈ ಕುಟುಂಬಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1978ರ ನವೆಂಬರಿನಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೊಕಾನ್ ಶುರುಮಾಡಿದಾಗ ತಯಾರಿಸಿದ ಮೊದಲ ಸರಕುಗಳಲ್ಲಿ ಪಪೈನ್ ಒಂದು. ಪಪ್ಪಾಯಿ ಹಾಲಿನಿಂದ ಕಿಣ್ವ ತೆಗೆದು ಹೊರದೇಶಕ್ಕೆ ಕಳಿಸುತ್ತಿದ್ದ ಆ ಕಂಪನಿಯೇ 2004ರಲ್ಲಿ ಯೀಸ್ಟಿನ ಕೋಶಗಳೊಳಗೆ ಮನುಷ್ಯನ ಇನ್ಸುಲಿನ್ ಬೆಳೆದು ಮಾರುಕಟ್ಟೆಗೆ ತಂದಿತು. ಒಂದು ಜೀವಿಯ ಜೀನನ್ನು ಇನ್ನೊಂದರೊಳಗಿಟ್ಟು ಪ್ರೋಟೀನು ಮಾಡಿಸುವ ಈ ವಿದ್ಯೆಗೆ ಮರುಸಂಯೋಜನೆ ಎನ್ನುತ್ತಾರೆ. ಶಹಾಪುರದ ಔಷಧ ಅಂಗಡಿಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಸೀಸೆ ಆ ವಿದ್ಯೆಯ ಫಲವೇ.

ಅದೇ ವಿದ್ಯೆಯಿಂದ 1990ರ ದಶಕದ ನಡುವಿನಲ್ಲಿ ಮನುಷ್ಯನ ಬ್ಲಿಯೊಮೈಸಿನ್ ಹೈಡ್ರೊಲೇಸ್‌ ಕೂಡ ದೇಹದ ಹೊರಗೆ ತಯಾರಾಯಿತು. ಅದರ ಜೀನು ನಮ್ಮ 17ನೆಯ ವರ್ಣತಂತುವಿನಲ್ಲಿದೆ. ಒಂದು ಘಟಕದಲ್ಲಿ 455 ಅಮೈನೊ ಆಮ್ಲಗಳು. ಅಂಥ ಆರು ಘಟಕಗಳು ಸೇರಿ ಒಂದು ಪೀಪಾಯಿಯ ಆಕಾರ ತಾಳುತ್ತವೆ. ಕತ್ತರಿಸುವ ಬಾಯಿಗಳೆಲ್ಲ ಪೀಪಾಯಿಯ ಒಳಮೈಗೆ ಮುಖ ಮಾಡಿವೆ. ಹೊರಗೆ ಅಡ್ಡಾಡುವ ಯಾವ ಪ್ರೋಟೀನಿಗೂ ಅವು ತಾಗುವುದಿಲ್ಲ. ಒಳಗೆ ನುಸುಳಿ ಬರುವಷ್ಟು ಚಿಕ್ಕದಾದದ್ದನ್ನು ಮಾತ್ರ ಕತ್ತರಿಸುತ್ತವೆ. ಕತ್ತಿಯನ್ನು ಒರೆಯಲ್ಲಿಟ್ಟುಕೊಂಡೇ ಕೆಲಸ ಮಾಡುವ ಈ ಏರ್ಪಾಟನ್ನು ಮೊದಲು ಕಣ್ಣಾರೆ ತೋರಿಸಿದ್ದು 1995ರಲ್ಲಿ, ಯೀಸ್ಟಿನ ಕಿಣ್ವದಲ್ಲಿ. ಹೌದು, ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲೂ ಇದೇ ಬಳಗದ ಕಿಣ್ವವಿದೆ. ಯೀಸ್ಟಿಗೆ ಯಾವ ಕೀಮೋ?

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಬ್ಲಿಯೊಮೈಸಿನ್ ಕೆಡಿಸುವುದಕ್ಕೆಂದು ಈ ಕಿಣ್ವ ಹುಟ್ಟಿಲ್ಲ. 1966ಕ್ಕೆ ಮೊದಲು ಹುಟ್ಟಿ ಸತ್ತ ನಮ್ಮ ಮುತ್ತಜ್ಜಂದಿರ ಮೈಯಲ್ಲೂ ಅದು ಇತ್ತು. ಅದರ ನಿತ್ಯದ ಕೆಲಸ ಬೇರೆ: ಕೋಶದಲ್ಲಿ ಒಡೆದುಬಿದ್ದ ಪ್ರೋಟೀನು ಚೂರುಗಳನ್ನು ಇನ್ನೂ ಚಿಕ್ಕದಾಗಿ ಕತ್ತರಿಸುವುದು, ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲದಿಂದ ಹುಟ್ಟುವ ಒಂದು ಕೆಟ್ಟ ವಸ್ತುವನ್ನು ನಿರಪಾಯ ಮಾಡುವುದು, ಚರ್ಮದ ಮೇಲ್ಪದರ ಒಣಗದಂತೆ ಕಾಯುವ ವಸ್ತುಗಳ ತಯಾರಿಯಲ್ಲಿ ಕೈಜೋಡಿಸುವುದು. 1999ರಲ್ಲಿ ಅಮೆರಿಕದ ಸಂಶೋಧಕರು ಈ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದರು. ಮರಿಗಳಲ್ಲಿ ಹಲವು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು. ಉಳಿದವುಗಳ ಬಾಲದ ಚರ್ಮ ಕೆಟ್ಟಿತು. ಬ್ಲಿಯೊಮೈಸಿನ್ ಕೊಟ್ಟಾಗ ಮಾಮೂಲಿ ಇಲಿಗಳಿಗಿಂತ ಹೆಚ್ಚು ನರಳಿದವು. ಮನೆಯ ಕೆಲಸ ಮಾಡಿಕೊಂಡಿದ್ದ ಒಂದು ಕಿಣ್ವದ ದಾರಿಗೆ ಒಂದು ದಿನ ಹೊರಗಿನ ಅಣುವೊಂದು ಬಂತು, ಅದರ ಪೀಪಾಯಿಯೊಳಗೆ ನುಸುಳುವ ಹಾಗಿತ್ತು, ಅದು ಕತ್ತರಿಸಿತು. ಅದು ಔಷಧವೋ ವಿಷವೋ ಎಂಬ ವಿಚಾರ ಕಿಣ್ವಕ್ಕಿಲ್ಲ. ಆ ವಿಚಾರ ನಮ್ಮದು.

ಇನ್ನು ತಾಯಿಯ ಪ್ರಶ್ನೆಗೆ ಬರೋಣ. ಈ ಕಿಣ್ವ ದೇಹದ ಎಲ್ಲ ಕಡೆ ಸಮನಾಗಿ ಇಲ್ಲ. ಯಕೃತ್ತಿನಲ್ಲಿ, ಗುಲ್ಮದಲ್ಲಿ ಅದು ಹೇರಳ. ಎರಡು ಜಾಗಗಳಲ್ಲಿ ಮಾತ್ರ ತೀರ ಕಡಿಮೆ: ಒಂದು ಪುಪ್ಪುಸ, ಇನ್ನೊಂದು ಚರ್ಮ. ಬ್ಲಿಯೊಮೈಸಿನ್ ಹೆಚ್ಚು ಕಾಡುವುದೂ ಈ ಎರಡು ಜಾಗಗಳನ್ನೇ. ಔಷಧದ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೂತ್ರಪಿಂಡ ಸೊರಗಿದವರಲ್ಲಿ ಅದು ಮೈಯಲ್ಲೇ ಉಳಿದು ಅಪಾಯ ಹೆಚ್ಚುತ್ತದೆ. ಉಳಿದದ್ದನ್ನು ಅಲ್ಲಲ್ಲಿನ ಕಿಣ್ವ ಕೆಡಿಸುತ್ತದೆ. ಪುಪ್ಪುಸದಲ್ಲಿ ಕೆಡಿಸುವವರು ಕಡಿಮೆ, ಆಮ್ಲಜನಕವೋ ಧಾರಾಳ. ಬ್ಲಿಯೊಮೈಸಿನ್ನಿಗೆ ಕಡಿಯಲು ಬೇಕಾದದ್ದೇ ಆಮ್ಲಜನಕ ಎಂದು ಮೊದಲೇ ಹೇಳಿದೆನಲ್ಲ. ಗಾಳಿಚೀಲದ ತೆಳುಗೋಡೆ ಉರಿಗೊಂಡು, ಆಮೇಲೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಹಿಗ್ಗಬೇಕಾದದ್ದು ಹಿಗ್ಗುವುದಿಲ್ಲ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಬ್ಲಿಯೊಮೈಸಿನ್ ಪಡೆದ ನೂರರಲ್ಲಿ ಸುಮಾರು ಹತ್ತು ಜನರಿಗೆ ಪುಪ್ಪುಸದ ತೊಂದರೆ ಕಾಣಿಸುತ್ತದೆ, ಒಬ್ಬರು ಅದರಿಂದಲೇ ತೀರಿಕೊಳ್ಳಬಹುದು. ವಯಸ್ಸು 70 ದಾಟಿದವರಲ್ಲಿ, ಒಟ್ಟು ಪ್ರಮಾಣ 400 ಯೂನಿಟ್ ಮೀರಿದವರಲ್ಲಿ ಈ ಗಂಡಾಂತರ ಇನ್ನೂ ಹೆಚ್ಚು. ಚರ್ಮದ ಮೇಲೆ ಕೆಲವರಿಗೆ ಬಾರುಕೋಲಿನ ಏಟು ಬಿದ್ದಂತೆ ಉದ್ದುದ್ದ ಕಂದು ಗೆರೆಗಳೇಳುತ್ತವೆ. ಬಟ್ಟೆ ಬದಲಿಸುವಾಗ ಮನೆಯವರು ನೋಡಿ ಗಾಬರಿಯಾಗುತ್ತಾರೆ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಪುಪ್ಪುಸ ಗಟ್ಟಿಯಾಗುವ ರೋಗವನ್ನು ಅಭ್ಯಸಿಸಲು ಇಂದಿಗೂ ಇಲಿಗೆ ಬ್ಲಿಯೊಮೈಸಿನ್ನನ್ನೇ ಕೊಡುತ್ತವೆ. ಒಂದು ಕಡೆ ಜೀವ ಉಳಿಸುವ ಔಷಧ, ಇನ್ನೊಂದು ಕಡೆ ರೋಗ ತಯಾರಿಸುವ ಸಾಧನ, ಸೀಸೆ ಒಂದೇ.

ಕಿಣ್ವ ಇದ್ದಲ್ಲಿ ರಕ್ಷಣೆ, ಇಲ್ಲದಲ್ಲಿ ಗಾಯ. ಹೀಗೆ ಲೆಕ್ಕ ಬರೆದು ಪುಸ್ತಕ ಮುಚ್ಚಬಹುದಿತ್ತು. ಆದರೆ ಕ್ಯಾನ್ಸರ್‌ ಗಂಟಿನ ಕೋಶಗಳೂ ನಮ್ಮವೇ ಕೋಶಗಳು. ಅವುಗಳೊಳಗೂ ಈ ಕಿಣ್ವ ಇರಬಹುದು. ಇದ್ದರೆ ಅಲ್ಲಿಯೂ ಅದು ತನ್ನ ಕೆಲಸ ಬಿಡುವುದಿಲ್ಲ, ಔಷಧವನ್ನು ಕತ್ತರಿಸುತ್ತದೆ, ಗಂಟು ಬಚಾವಾಗುತ್ತದೆ. ಯಕೃತ್ತಿನಲ್ಲಿ ನಾವು ಹೊಗಳಿದ ಗುಣವನ್ನೇ ಗಂಟಿನಲ್ಲಿ ಬೈಯಬೇಕಾಗುತ್ತದೆ. 2008ರಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯರು ವೃಷಣದ ಕ್ಯಾನ್ಸರ್‌ಗೆ ಬ್ಲಿಯೊಮೈಸಿನ್ ಪಡೆದವರ ಜೀನುಗಳನ್ನು ನೋಡಿದರು. ಈ ಕಿಣ್ವದ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಜನರಲ್ಲಿರುತ್ತದೆ. ಅದರ ಒಂದು ಬಗೆಯನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದವರಲ್ಲಿ ರೋಗ ಮರುಕಳಿಸುವುದು ಹೆಚ್ಚು, ಬದುಕುಳಿಯುವುದು ಕಡಿಮೆ ಎಂದು ಕಂಡುಬಂತು. ತಮಾಷೆಯೆಂದರೆ, ಪುಪ್ಪುಸದ ತೊಂದರೆಗೂ ಆ ಅಕ್ಷರಕ್ಕೂ ನಂಟಿದೆಯೇ ಎಂದು ಅದಕ್ಕೆ ಮೂರು ವರ್ಷ ಮೊದಲೇ ಹುಡುಕಿದಾಗ ನಂಟು ಸಿಕ್ಕಿರಲಿಲ್ಲ. ಹಾಗಾಗಿ ಕಿಣ್ವ ಕಡಿಮೆ ಎಂಬುದು ಪುಪ್ಪುಸದ ಕಥೆಯ ಒಂದು ಭಾಗ ಮಾತ್ರ. ವಯಸ್ಸು, ಮೂತ್ರಪಿಂಡ, ಬೀಡಿ ಸಿಗರೇಟು, ಎದೆಗೆ ಕೊಟ್ಟ ರೇಡಿಯೇಶನ್, ನಮ್ಮ ಜನರ ಮಾತಿನಲ್ಲಿ 'ಕರೆಂಟು', ಇವೆಲ್ಲ ಸೇರಿಯೇ ಕಥೆ ಪೂರ್ತಿಯಾಗುತ್ತದೆ.

ಹಾಗಾದರೆ ಪ್ರಯೋಗಾಲಯದಲ್ಲಿ ತಯಾರಾದ ಆ ಮಾನವ ಕಿಣ್ವವನ್ನೇ ಪುಪ್ಪುಸಕ್ಕೆ ಸೂಜಿಯಲ್ಲಿ ಕೊಟ್ಟುಬಿಡಬಹುದಲ್ಲ? ಯಾರಿಗಾದರೂ ಹೊಳೆಯುವ ವಿಚಾರವೇ. ಆದರೆ ಅದು ಇವತ್ತಿಗೂ ಯಾವ ರೋಗಿಗೂ ಕೊಡುವ ಔಷಧವಲ್ಲ; ಸಂಶೋಧಕರು ಕೊಂಡು ಕಡು ಶೀತದಲ್ಲಿಟ್ಟು ಪರೀಕ್ಷೆಗೆ ಬಳಸುವ ಸರಕು. ಕಿಣ್ವ ಕೆಲಸ ಮಾಡಬೇಕಾದದ್ದು ಕೋಶದ ಒಳಗೆ, ರಕ್ತಕ್ಕೆ ಕೊಟ್ಟರೆ ಒಳಗೆ ಹೋಗುವುದು ಸುಲಭವಲ್ಲ. ಹೋದರೂ, ಪುಪ್ಪುಸಕ್ಕೆ ಮಾತ್ರ ಹೋಗು, ಗಂಟಿಗೆ ಹೋಗಬೇಡ ಎಂದು ಅದಕ್ಕೆ ಹೇಳುವವರು ಯಾರು? ಬೇರೊಂದು ಔಷಧದ ವಿಷಯದಲ್ಲಿ ಇಂಥ ಉಪಾಯ ಫಲಿಸಿದ್ದುಂಟು. ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ ಮೂತ್ರಪಿಂಡ ಕೆಡಿಸಿ ಮೈಯಲ್ಲೇ ಉಳಿದುಬಿಟ್ಟರೆ, ಅದನ್ನು ರಕ್ತದಲ್ಲೇ ಕತ್ತರಿಸಿಹಾಕುವ ಗ್ಲುಕಾರ್ಪಿಡೇಸ್ ಎಂಬ ಕಿಣ್ವಕ್ಕೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಮನುಷ್ಯನದಲ್ಲ, ಬ್ಯಾಕ್ಟೀರಿಯಾದ್ದು. ಬೆಲೆಯೂ ಬಡವರ ಕೈಗೆ ಎಟುಕುವಂಥದ್ದಲ್ಲ. ಅಲ್ಲಿ ಔಷಧ ರಕ್ತದಲ್ಲಿ ಸುತ್ತುತ್ತಿರುತ್ತದೆ, ಹಿಡಿಯಬಹುದು. ಬ್ಲಿಯೊಮೈಸಿನ್ ಮಾತ್ರ ಕೆಲವೇ ತಾಸುಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಪುಪ್ಪುಸದಲ್ಲಿ ಮಾಡುವುದನ್ನು ಅಷ್ಟರಲ್ಲಿ ಮಾಡಿರುತ್ತದೆ.

ಬೆಳಗಿನ ಹೊತ್ತು ಇದನ್ನೆಲ್ಲ ಯೋಚಿಸುವಾಗ ನನ್ನ ಮನಸ್ಸು ಕಿಣ್ವದಿಂದ ನಮ್ಮ ಜಿಲ್ಲೆಯ ಕಡೆ ಹೊರಳುತ್ತದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ, ಕಲಬುರಗಿಯಿಂದ ಬೇರೆಯಾಗಿ. ಈಗ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ, ಸಂತೋಷ. ಆದರೆ ಕುತ್ತಿಗೆಯಲ್ಲಿ ಗಂಟು ಕಂಡ ಸುರಪುರದ ಹುಡುಗನ ದಾರಿ ಇಂದಿಗೂ ಉದ್ದವೇ. ಮೊದಲು ಊರ ಡಾಕ್ಟರು, ಕ್ಷಯವಿರಬಹುದೆಂದು ಕೆಲವು ತಿಂಗಳು ಮಾತ್ರೆ. ಆಮೇಲೆ ಕಲಬುರಗಿಗೆ ಕೆಂಪು ಬಸ್ಸು, ಅಲ್ಲಿ ಕಿದ್ವಾಯಿಯ ಶಾಖಾ ಆಸ್ಪತ್ರೆಯಿದೆ. ಇನ್ನೂ ಮುಂದಿನದ್ದು ಬೇಕೆಂದರೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಸುಮಾರು 500 ಕಿಲೋಮೀಟರು. ಇಲ್ಲವೇ ಹೈದರಾಬಾದು, ಸೊಲ್ಲಾಪುರ. ಕಿದ್ವಾಯಿಯ ಧರ್ಮಶಾಲೆಯಲ್ಲಿ, ಹೊಸೂರು ರಸ್ತೆಯ ಬದಿಯಲ್ಲಿ, ಜೋಳದ ರೊಟ್ಟಿಯ ಗಂಟು ಬಿಚ್ಚಿ ಕೂತ ನಮ್ಮ ಕಡೆಯ ಕುಟುಂಬಗಳನ್ನು ಮಾತು ಕೇಳಿಯೇ ಗುರುತಿಸಬಹುದು. ರಾಜ್ಯದಲ್ಲಿ ದೊಡ್ಡ ಆಸ್ಪತ್ರೆಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಬೇಕಾದ ಜಾಗದಲ್ಲಿ ಕಡಿಮೆ. ಕಿಣ್ವದ ಹಂಚಿಕೆಯನ್ನು ಪ್ರಕೃತಿ ಮಾಡಿದೆ, ಅದನ್ನು ಪ್ರಶ್ನಿಸಿ ಫಲವಿಲ್ಲ. ಆಸ್ಪತ್ರೆಯ ಹಂಚಿಕೆಯನ್ನು ಮನುಷ್ಯರು ಮಾಡಿದ್ದಾರೆ; ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಂ ಬಂದು ಇಷ್ಟು ವರ್ಷವಾದ ಮೇಲೆ ಅದನ್ನು ಪ್ರಶ್ನಿಸಲೇಬೇಕು.

ದೂರಕ್ಕೆ ಇನ್ನೊಂದು ಬೆಲೆಯಿದೆ, ಅದು ಬಸ್ ಚಾರ್ಜಿನಲ್ಲಿ ಕಾಣಿಸದು. ಬ್ಲಿಯೊಮೈಸಿನ್ ಕೊಡುವಾಗ ನಡುನಡುವೆ ಪುಪ್ಪುಸದ ಪರೀಕ್ಷೆ ಮಾಡಬೇಕು, ಕೆಮ್ಮು ಶುರುವಾದ ಕೂಡಲೇ ನಿಲ್ಲಿಸಬೇಕು. ಆಸ್ಪತ್ರೆ ಹತ್ತಿರವಿದ್ದವನು ಕೆಮ್ಮಿದ ದಿನವೇ ತೋರಿಸುತ್ತಾನೆ. ನಮ್ಮ ಹುಡುಗ "ಮುಂದಿನ ಸೈಕಲ್‌ಗ ಹೋದಾಗ ಹೇಳಿದ್ರಾತು" ಎಂದು ಕೀಮೋದ ಮುಂದಿನ ಸರದಿಯ ತನಕ ಎರಡು ವಾರ ತಳ್ಳುತ್ತಾನೆ. ಎರಡು ವಾರ ಪುಪ್ಪುಸಕ್ಕೆ ಬಹಳ ದೊಡ್ಡ ಅವಧಿ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮುಚ್ಚಿಡಬಾರದು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹಲವು ದೇಶಗಳ 1,200ಕ್ಕೂ ಹೆಚ್ಚು ಹಾಜ್‌ಕಿನ್ ರೋಗಿಗಳು ಪಾಲ್ಗೊಂಡರು. ಎಬಿವಿಡಿಯ ಎರಡು ಸೈಕಲ್ ಮುಗಿದ ಮೇಲೆ ಪೆಟ್ ಸ್ಕ್ಯಾನ್ ಮಾಡಿ, ಅದರಲ್ಲಿ ರೋಗ ಕಾಣದವರಲ್ಲಿ ಅರ್ಧದಷ್ಟು ಜನರಿಗೆ ಬ್ಲಿಯೊಮೈಸಿನ್ ಕೈಬಿಟ್ಟು ಉಳಿದ ಮೂರನ್ನೇ ಮುಂದುವರಿಸಿದರು. ಮೂರು ವರ್ಷದ ಕೊನೆಗೆ ರೋಗ ಮರುಕಳಿಸದೆ ಇದ್ದವರು ಬ್ಲಿಯೊಮೈಸಿನ್ ಮುಂದುವರಿಸಿದ ಗುಂಪಿನಲ್ಲಿ ಶೇಕಡಾ 85.7, ಬಿಟ್ಟ ಗುಂಪಿನಲ್ಲಿ 84.4. ಬಿಟ್ಟವರಿಗೆ ಪುಪ್ಪುಸದ ತೊಂದರೆ ಕಡಿಮೆಯಾಯಿತು. ಯಾವ ಹೊಸ ಔಷಧವನ್ನೂ ಕಂಡುಹಿಡಿಯದೆ, ಇದ್ದ ಔಷಧವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದುಕೊಂಡಿದ್ದರಿಂದಲೇ ಬಂದ ಲಾಭವಿದು. ನನಗೆ ಇದು ಕಿಣ್ವವನ್ನು ಸೂಜಿಯಲ್ಲಿ ಕೊಡುವ ಕನಸಿಗಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಅದಕ್ಕೆ ಬೇಕಾದ ಪೆಟ್ ಸ್ಕ್ಯಾನಿಗೆ ನಮ್ಮವರು ದೊಡ್ಡ ಊರಿಗೇ ಹೋಗಬೇಕು, ಮತ್ತೆ ಅದೇ ರೈಲು.

ಪುಪ್ಪುಸವನ್ನು ಉಳಿಸಿಕೊಳ್ಳಬೇಕೆಂದು ಬ್ಲಿಯೊಮೈಸಿನ್ ಬೇಡವೆಂದವರಲ್ಲಿ ಪ್ರಸಿದ್ಧನೊಬ್ಬನಿದ್ದಾನೆ, ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1996ರಲ್ಲಿ ಅವನಿಗೆ ಹರಡಿದ ವೃಷಣ ಕ್ಯಾನ್ಸರ್‌ ಇದ್ದಾಗ ಇಂಡಿಯಾನಾದ ವೈದ್ಯರು ಬ್ಲಿಯೊಮೈಸಿನ್ ಬದಲು ಬೇರೆ ಔಷಧ ಸೇರಿಸಿ ಚಿಕಿತ್ಸೆ ಮಾಡಿದರು. ಉಸಿರೇ ಅವನ ಬಂಡವಾಳವಾಗಿತ್ತಲ್ಲ. ಮುಂದೆ ಅವನು ಬೇರೆ ಮದ್ದುಗಳ ಮೋಸದಲ್ಲಿ ಸಿಕ್ಕಿಬಿದ್ದು ಗೆದ್ದ ಪಟ್ಟಗಳನ್ನು ಕಳೆದುಕೊಂಡದ್ದು ಬೇರೆ ಮಾತು. ನನಗೆ ಅನಿಸುವುದು ಇಷ್ಟೇ: ಹತ್ತಿ ಮೂಟೆ ಹೊರುವ ಹಮಾಲನಿಗೆ, ಬೆಂಗಳೂರಿನಲ್ಲಿ ನಾಲ್ಕನೆಯ ಮಾಳಿಗೆಗೆ ಇಟ್ಟಿಗೆ ಸಾಗಿಸುವ ನಮ್ಮ ಹುಡುಗನಿಗೆ, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಣ್ಣುಮಗಳಿಗೆ ಉಸಿರೇನು ಕಡಿಮೆ ಬಂಡವಾಳವೇ? ಯಾವ ಔಷಧ, ಅದರ ಅಡ್ಡಪರಿಣಾಮ ಏನು, ಬದಲಿ ಇದೆಯೇ ಎಂದು ಕೇಳುವ ಹಕ್ಕು ಅವರಿಗೂ ಇದೆ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬೇಸರಪಟ್ಟರೂ ಕೇಳಬೇಕು.

ಹಾಗೆಂದು ಬ್ಲಿಯೊಮೈಸಿನ್ ಹೆಸರು ಕೇಳಿಯೇ ಹೆದರಿ ಚಿಕಿತ್ಸೆ ಬಿಡುವುದು ದೊಡ್ಡ ತಪ್ಪಾದೀತು. ಸಮಯಕ್ಕೆ ಬಂದವರಲ್ಲಿ ಹಾಜ್‌ಕಿನ್, ವೃಷಣದ ಕ್ಯಾನ್ಸರ್‌ ಎರಡೂ ಬಹುಪಾಲು ವಾಸಿಯಾಗುವ ರೋಗಗಳು. ನೂರರಲ್ಲಿ ತೊಂಬತ್ತು ಜನರ ಪುಪ್ಪುಸಕ್ಕೆ ಈ ಔಷಧದಿಂದ ಹೇಳಿಕೊಳ್ಳುವಂಥ ತೊಂದರೆಯಾಗುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಭಯಕ್ಕಿಂತ ಎಚ್ಚರ ಸಾಕು.

ಆ ಎಚ್ಚರದ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಎಬಿವಿಡಿ ಅಥವಾ ವೃಷಣದ ಕ್ಯಾನ್ಸರ್‌ಗೆ ಕೊಡುವ, ಬ್ಲಿಯೊಮೈಸಿನ್ ಸೇರಿದ ಬಿಇಪಿ ಎಂಬ ಕೀಮೋ ಪಡೆದಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ, ಎಷ್ಟು ವರ್ಷವಾದರೂ ಎಸೆಯಬೇಡಿ. ಮುಂದೆ ಹರ್ನಿಯಾಕ್ಕೋ, ಹೆರಿಗೆಗೋ, ಮೂಳೆ ಮುರಿತಕ್ಕೋ ಆಪರೇಶನ್ ಆಗುವ ಸಂದರ್ಭ ಬಂದರೆ ಮತ್ತಿನ ಡಾಕ್ಟರಿಗೆ ಮೊದಲು ಆ ಕಾಗದ ತೋರಿಸಿ. ಬ್ಲಿಯೊಮೈಸಿನ್ ಪಡೆದವರಿಗೆ ಆಪರೇಶನ್ ಹೊತ್ತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ಪುಪ್ಪುಸಕ್ಕೆ ಪೆಟ್ಟಾಗಬಹುದೆಂಬ ಆತಂಕ 1978ರಿಂದಲೂ ಇದೆ; ಎಷ್ಟರ ಮಟ್ಟಿಗೆ ಎಂಬ ಚರ್ಚೆ ನಡೆದೇ ಇದೆ, ಆದರೆ ಗೊತ್ತಿದ್ದ ಡಾಕ್ಟರು ಜೋಪಾನವಾಗಿ ಅಳೆದು ಕೊಡುತ್ತಾರೆ. ಚಿಕಿತ್ಸೆಯ ನಡುವೆ ಒಣಕೆಮ್ಮು, ಉಬ್ಬಸ ಬಂದರೆ ಮುಂದಿನ ಸೈಕಲ್ಲಿನ ತನಕ ಕಾಯದೆ ಆ ದಿನವೇ ಆಸ್ಪತ್ರೆಗೆ ಫೋನು ಮಾಡಿ. ಬೀಡಿ, ಸಿಗರೇಟು ಇವತ್ತೇ ಬಿಡಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಮೂರು ವಾರವಾದರೂ ಕರಗದಿದ್ದರೆ ತೋರಿಸಿ, ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿಸುವ ತನಕ ಸುಮ್ಮನಾಗಬೇಡಿ.